ಎರಡು ಬೆರಳಗಲ

ಭೂತಗನ್ನಡಿ ಕಣ್ಣಿಗಿಟ್ಟು ಆಗಿನಿಂದ ನೋಡುತ್ತಿದ್ದೀ.
ನೋಡು. ನನಗೇನೂ ಅವಸರವಿಲ್ಲ.
ರೈಲು ಸಂಜೆಗೆ. ತಬೋರಾದಲ್ಲಿ ಅದೂ ಹೇಳಿದ ಹೊತ್ತಿಗಲ್ಲ.
ಬಿಸಿಲು ಬಂತು, ಚಾಪೆಯನ್ನು ಮಾವಿನ ಬುಡಕ್ಕೆ ಎಳೆದುಕೋ.

ಪದಕ ಯುದ್ಧಕಾಲದ್ದೇ, ಅಂದೆ.
ಇಲ್ಲೇ ಕೊಯ್ದದ್ದು, ಒರಟು, ಆದರೂ ಅಸಲಿ.
ರಿಬ್ಬನ್ನು ಮಾತ್ರ ನಕಲಿ, ಅಜ್ಜಿ:
ಬರ್ಲಿನ್ನಿನ ರೇಷ್ಮೆಯಲ್ಲ, ಅಂಚಿಲ್ಲ, ಅಳತೆಯಿಲ್ಲ,
ಯಾರೋ ಕೈಯಲ್ಲಿ ಹೊಲಿದದ್ದು. ಬೆಲೆ ಅರ್ಧಕ್ಕರ್ಧ ಇಳಿಯುತ್ತದೆ.

ಯಾರೋ ಅಲ್ಲ. ನಾನು, ಕಲುಂದೆ.

ಇಂಗ್ಲಿಷರು ಕಡಲಿಗೆ ಬೀಗ ಜಡಿದ ಎರಡನೆಯ ವರ್ಷ.
ಸೋಪಿಲ್ಲ, ಸೀಮೆಎಣ್ಣೆಯಿಲ್ಲ, ಒಂದು ಸೂಜಿಗೆ ಒಂದು ಕೋಳಿ.
ರೈಲ್ವೆ ಕಾರ್ಖಾನೆಯಲ್ಲಿ ಫಿರಂಗಿ ಗುಂಡಿನ ಚಿಪ್ಪು ಕೊಯ್ದು
ಹಗಲು ಕಾಸು ಒತ್ತುತ್ತಿದ್ದರು,
ಇರುಳು ಅದೇ ಹಿತ್ತಾಳೆಯಲ್ಲಿ ಪದಕ.
'ಹಡಗು ಬಂದಾಗ ಒಳ್ಳೆಯದು ಕೊಡುತ್ತೇವೆ, ಅಲ್ಲಿಯ ತನಕ ಇದು'
ಅಂದಿದ್ದ ಸಾರ್ಜೆಂಟ್ ಓಲೆಂಡೀಕ್.

ಹಿತ್ತಾಳೆ ಸಿಕ್ಕಿತು. ರಿಬ್ಬನ್ನೆಲ್ಲಿ?
ಬೋಮಾದ ಹಿಂದುಗಡೆ ಅಸ್ಕಾರಿಗಳ ಹೆಂಡಂದಿರಿದ್ದೆವು.
ಹೊಲಿಗೆ ಬಲ್ಲವರು ಕೈ ಎತ್ತಿ, ಅಂದ.
ಎತ್ತಿದೆ. ಬೊಗಸೆ ಹಿಟ್ಟು ಹೆಚ್ಚು ಸಿಗುತ್ತಿತ್ತು.

ಬಿಳಿಗೆ ಮೆರಿಕಾನಿ, ಕಪ್ಪಿಗೆ ಕನಿಕಿ.
ಕನಿಕಿ ಅಂದರೆ, ನೀಲಿಯಲ್ಲಿ ಅದ್ದಿ ಅದ್ದಿ
ನೀಲಿಯನ್ನೇ ಮರೆತ ಬಟ್ಟೆ;
ಹೊಲಕ್ಕೂ ಅದೇ, ಸಾವಿನ ಮನೆಗೂ ಅದೇ.
ನನ್ನ ಸೊಂಟದ್ದನ್ನೇ ಅಂಚಿನಿಂದ ಹರಿದೆ.
ಎಷ್ಟಗಲ ಅಂದರೆ ಓಲೆಂಡೀಕ್ ಎರಡು ಬೆರಳು ಚಾಚಿದ.
ಅವನ ಬೆರಳು ದಪ್ಪ.
ನಾನು ನನ್ನದರಲ್ಲಿ ಅಳೆದೆ.

ನಲವತ್ತು ಬೇಕು ಅಂದಿದ್ದ.
ಉಳಿಸಿದ ಚೂರು ಕೂಡಿಸಿದರೆ ನಲವತ್ತೊಂದಾಯಿತು.

ಆ ಒಂದು ನನ್ನ ತಮ್ಮನಿಗೆ.
ಕಸಾಂಡಾ ಸಿಪಾಯಿಯಲ್ಲ, ಹೊರೆಯಾಳು.
ಹೊರೆಯವರಿಗೆ ಪದಕವಿಲ್ಲ; ಅದು ನನಗೂ ಗೊತ್ತಿತ್ತು.
ಬಂದಾಗ ಕಟ್ಟಿ ನಗಿಸೋಣ ಅಂತ, ಅಷ್ಟೇ.
ಸೋರೆಬುರುಡೆಯೊಳಗೆ, ಬೀಜದ ಜೋಳದಡಿಯಲ್ಲಿಟ್ಟೆ.

ಅವನ ತಲೆಯ ಮೇಲಿದ್ದದ್ದು ತೋಟೆಯ ಪೆಟ್ಟಿಗೆ.
ಪೆಟ್ಟಿಗೆಗೆ ನಂಬರಿತ್ತು, ಬಿಳಿ ಬಣ್ಣದಲ್ಲಿ, ನೂರ ಹದಿನೇಳು.
ಅವನಿಗೆ ನಂಬರಿರಲಿಲ್ಲ.
ಜೋಳ ತೆನೆಯಾಗುವ ಮೊದಲು ದಳ ಹಿಮ್ಮೆಟ್ಟಿ ಬಂತು.
ದಾರಿ ಬದಿಗೆ ನಿಂತು ಪೆಟ್ಟಿಗೆ ಎಣಿಸಿದೆ.
ನೂರ ಹದಿನೇಳು ಬಂತು,
ಬೇರೆ ತಲೆಯ ಮೇಲೆ.

ಆ ಹುಡುಗನನ್ನು ಏನೂ ಕೇಳಲಿಲ್ಲ.
ಅವನ ಕುತ್ತಿಗೆ ನಡುಗುತ್ತಿತ್ತು.

ನನ್ನ ಗಂಡ ಮಿಹಾಂಬೋ ಪದಕ ತೊಟ್ಟೇ ದಕ್ಷಿಣಕ್ಕೆ ಹೋದ.
ಎರಡು ವರ್ಷದ ಮೇಲೆ ಕೈದಿಯಾಗಿ ಇದೇ ಊರಿಗೆ ಬಂದ.
ಝಡತಿಗೆ ಹೆದರಿ ಹಿತ್ತಾಳೆಯನ್ನು ದವಡೆಯಲ್ಲಿ ಒತ್ತಿಕೊಂಡಿದ್ದ.
ರಿಬ್ಬನ್ನನ್ನು ರೂಫಿಜಿಯ ಕೆಸರು ತಿಂದಿತ್ತು.
ಬರಿಯ ತಗಡು ನೋಡಿ ಮಗುವಿನ ಹಾಗೆ ಅತ್ತ.
ನಾನು ಬುರುಡೆ ಬಗ್ಗಿಸಿದೆ.
ಯಾರದ್ದೆಂದು ಅವನಿಗೆ ಹೇಳಲಿಲ್ಲ.
ಸಾಯುವ ತನಕ ಹಬ್ಬದ ದಿನ ಕಸಾಂಡಾನನ್ನು ಎದೆಗೆ ತೂಗಿಕೊಂಡು
ಪೇಟೆಗೆ ಹೋಗಿ ಬರುತ್ತಿದ್ದ.

ಹೂಂ, ಅರ್ಧ ಬೆಲೆಯೇ ಸರಿ.
ಹಿತ್ತಾಳೆ ನಿನಗೆ.
ಬೇಡ ಬೇಡ, ನಿನ್ನ ಚಾಕು ಒಳಗಿಡು;
ಈ ಹೊಲಿಗೆಯ ಗಂಟು ಎಲ್ಲಿದೆಯೆಂದು
ನನ್ನ ಉಗುರಿಗೆ ಗೊತ್ತು.
ಕಣ್ಣು ಮಂಜು, ಸ್ವಲ್ಪ ತಡವಾದೀತು.

ಅಷ್ಟರಲ್ಲಿ ಆ ನೀರಿನ ಕೊಡ ಒಳಗಿಡಪ್ಪ.
ತಲೆಯ ಮೇಲೆ ಬೇಡ. ಕೈಯಲ್ಲೇ ಹಿಡಿ.